ಹೂವಮ್ಮ ಕೊಂದ ನಾಗರ

ಶಿಕಾರಿಪುರದ ಆ ಕೇರಿಯಲ್ಲಿ ಹಾವು ಕಂಡರೆ ಜನ ಕೋಲು ಹುಡುಕುತ್ತಿರಲಿಲ್ಲ, ಲೋಕಮ್ಮನನ್ನು ಹುಡುಕುತ್ತಿದ್ದರು. ಸೊರಬದ ಕಡೆ ಚಂದ್ರಗುತ್ತಿಯಿಂದ ಹುಲಿಯಮ್ಮನ ಮನೆಗೆ ಕಿರಿಸೊಸೆಯಾಗಿ ಬಂದವಳು. ಬಚ್ಚಲಲ್ಲಿ ಸುತ್ತಿಕೊಂಡದ್ದನ್ನು ಬಗ್ಗಿ ನೋಡಿ, ನೀರೊಳ್ಳೆ, ಬಿಡಿ ಎನ್ನುವಳು. ಬೇಲಿಯ ಹಸಿರು ಹಾವು ಕಣ್ಣು ಕುಕ್ಕುತ್ತದೆಂದು ಓಡಿದವರನ್ನು ಕರೆದು, ಅದು ಕುಕ್ಕುವುದು ಹಲ್ಲಿಯನ್ನು ಮಾತ್ರ ಎಂದು ನಗಿಸುವಳು.

ಇದನ್ನು ಕಂಡು ಹೊಟ್ಟೆ ಉರಿದದ್ದು ಹಿರಿಸೊಸೆ ಹೂವಮ್ಮನಿಗೆ. ಉರಿಯದೆ ಏನು ಮಾಡೀತು? ಬಾಣಂತನದಿಂದ ಹಿಡಿದು ಉಪ್ಪಿನಕಾಯಿಯ ತನಕ ಕೇರಿಯವರು ಕೇಳುತ್ತಿದ್ದುದು ಅವಳನ್ನೇ. ಈಗ ಬಂದವರೆಲ್ಲ ಅವಳನ್ನು ದಾಟಿ ಒಳಗೆ ಇಣುಕಿ, ಲೋಕಮ್ಮ ಇಲ್ಲವೇ ಎನ್ನುತ್ತಿದ್ದರು. ಹೆತ್ತ ಮಗಳು ಚೌಡಮ್ಮ ಕೂಡ ಹುಳ ಕಂಡರೂ ಚಿಕ್ಕಮ್ಮನನ್ನೇ ಕೂಗುವಳು.

ಹಿತ್ತಲ ಹುಲ್ಲಿನ ಬಣವೆಯಲ್ಲಿ ಮಾರುದ್ದದ ಹಾವೊಂದು ಸೇರಿಕೊಂಡಿತ್ತು. ಅದು ಕೇರೆ, ಇಲಿ ತಿನ್ನುತ್ತದೆ, ಇರಲಿ ಎಂದು ಲೋಕಮ್ಮ ಮನೆಯವರನ್ನು ಒಪ್ಪಿಸಿದ್ದಳು. ಗುರುತು ಕೇಳಿದವರಿಗೆಲ್ಲ ದೊಡ್ಡ ದುಂಡು ಕಣ್ಣು, ಬಾಲದ ಕಡೆ ಬಲೆ ಹಾಸಿದಂಥ ಕಪ್ಪು ಗೆರೆ, ಎಷ್ಟು ಕೆಣಕಿದರೂ ಹೆಡೆ ಇಲ್ಲ ಎಂದು ವಿವರಿಸುತ್ತಿದ್ದಳು. ಒಲೆ ಮುಂದೆ ಕೂತ ಹೂವಮ್ಮನ ಕಿವಿಗೂ ಅದು ಬೀಳುತ್ತಿತ್ತು.

ಹೊಸ ಪೈಸೆ ಬಂದ ವರ್ಷ, ಲೋಕಮ್ಮ ತವರಿಗೆ ಹೋಗಿದ್ದಾಗ ಒಂದು ಮಧ್ಯಾಹ್ನ ಆ ಹಾವು ಹೂವಮ್ಮನ ಕಾಲ ಮುಂದೆಯೇ ಹಾದುಹೋಯಿತು. ಕೇರೆಯೆಂದು ಅವಳಿಗೆ ಚೆನ್ನಾಗಿ ಗೊತ್ತಾಯಿತು. ಆ ಗುರುತು ಲೋಕಮ್ಮನಿಂದ ಬಂದದ್ದೆಂದು ನೆನಪಾದದ್ದೇ ಒನಕೆ ಎತ್ತಿ ತಲೆ ಜಜ್ಜಿದಳು. ಹಾವು ಸಾಯಬೇಕು, ಕೋಲು ಮುರಿಯಬಾರದು ಎನ್ನುತ್ತಾರೆ. ಹೂವಮ್ಮನ ಲೆಕ್ಕದಲ್ಲಿ ಹಾವಿನ ಜೊತೆ ಓರಗಿತ್ತಿಯ ಹೆಸರೂ ಸಾಯಬೇಕಿತ್ತು.

"ನಾಗರ. ಹೆಡಿ ಎತ್ತಿ ಬಂತು," ಎಂದಳು ಓಡಿಬಂದವರಿಗೆ. "ಇದನ್ನೇ ನೋಡ್ರಿ ನಿಮ್ಮ ಲೋಕಮ್ಮ ಕೇರೆ ಅಂದಿದ್ದು."

ತಲೆಯೇ ಉಳಿದಿರಲಿಲ್ಲ, ಹೆಡೆ ಇತ್ತೋ ಇಲ್ಲವೋ ಯಾರು ಹೇಳಬೇಕು. ನಾಗರ ಸತ್ತರೆ ಮನುಷ್ಯರಿಗೆ ಮಾಡಿದಂತೆಯೇ ಮಾಡಬೇಕು. ಅತ್ತೆ ಹುಲಿಯಮ್ಮ ತುಪ್ಪ ತರಿಸಿದಳು. ಹಾವಿನ ಜೊತೆ ಇಡಲು ಹೊಸ ಪೈಸೆ ನಡೆಯುವುದಿಲ್ಲವೆಂದು ಹಳೇ ತಾಮ್ರದ ಕಾಸನ್ನೇ ಹುಡುಕಿಸಿದಳು. ಹೂವಮ್ಮನ ಗಂಡ ಮಾರಪ್ಪ ತಲೆಗೆ ನೀರು ಹಾಕಿಕೊಂಡು ಬೆಂಕಿ ಇಟ್ಟ. ಸಂಜೆತನಕ ಕೇರಿಗೆ ಕೇರಿಯೇ ಹೂವಮ್ಮನ ಸುತ್ತ ಕೂತಿತ್ತು. ಹೇಳಿದಷ್ಟೂ ಹೆಡೆ ಅಗಲವಾಯಿತು. ಅಂಥ ಸುಖ ಅವಳಿಗೆ ಸಿಕ್ಕಿ ಬಹಳ ಕಾಲವಾಗಿತ್ತು.

ಸುದ್ದಿ ಕುಬಟೂರಿಗೂ ಮುಟ್ಟಿತು. ಚೌಡಮ್ಮನನ್ನು ಸೊಸೆಯಾಗಿ ಒಪ್ಪಿದ್ದವರು ಅಲ್ಲಿಯವರು. ಗಂಡಿನ ಅಪ್ಪ ಉಜ್ಜಪ್ಪ ಬಂದು ಜಗುಲಿಯಲ್ಲಿ ಕೂತ, ಕೊಟ್ಟ ನೀರು ಮುಟ್ಟಲಿಲ್ಲ. ನಾಗರವನ್ನು ಕೊಂದವರ ಮಗಳನ್ನು ತಂದರೆ ತನ್ನ ಮನೆಯಲ್ಲಿ ತೊಟ್ಟಿಲು ಕಟ್ಟುವ ಹಾಗಿಲ್ಲ, ಸಂಬಂಧ ಬೇಡ ಎಂದು ಮೆಲ್ಲಗೇ ಹೇಳಿದ. ಬಾಗಿಲ ಹಿಂದೆ ಚೌಡಮ್ಮ ಅಳತೊಡಗಿದಳು. ಅದು ಕೇರೆಯೇ ಎಂದು ಹೂವಮ್ಮ ಗೋಗರೆದಳು. ಮಗಳ ಮದುವೆಗಾಗಿ ಮಾತು ತಿರುಗಿಸುತ್ತಿದ್ದಾಳೆ ಎಂದೇ ಎಲ್ಲರೂ ತಿಳಿದರು.

"ಆ ಹಾವನ್ನ ಲೋಕಮ್ಮ ನೋಡ್ಯಾರಂತಲ್ರೀ," ಎಂದ ಉಜ್ಜಪ್ಪ. "ಅವ್ರು ಹೇಳ್ಲಿ, ನಂಬ್ತೀವಿ."

ಇವಳ ಹೆಸರು ಕುಬಟೂರಿಗೂ ಹೋಗಿದೆಯಲ್ಲ ಎಂದು, ಮಗಳ ಬದುಕು ಬೀದಿಗೆ ಬಿದ್ದ ಆ ಹೊತ್ತಿನಲ್ಲೂ ಹೂವಮ್ಮನಿಗೆ ಸಂಕಟವಾಯಿತು.

ಅಂದು ಬೆಳಿಗ್ಗೆಯಷ್ಟೇ ಮರಳಿದ್ದ ಲೋಕಮ್ಮ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಹೂವಮ್ಮ ಅವಳ ಮುಂದೆ ಹೋಗಿ ನಿಂತಳು.

"ಕೇರೆ ಅಂತ ಗೊತ್ತಿದ್ದೇ ಹೊಡ್ದೆ. ನಿನ್ನ ಹೆಸ್ರು ಕೆಡ್ಲಿ ಅಂತ ಹೊಡ್ದೆ. ನನಗೆ ಏನು ಬೇಕಾದ್ರೂ ಅನ್ನು, ಹುಡುಗಿ ಮದುವಿ ಉಳಿಸು."

ಲೋಕಮ್ಮ ಬಾಚಿದ್ದ ಸಗಣಿಯನ್ನು ಬುಟ್ಟಿಗೆ ಹಾಕಿದಳು. ಆಮೇಲೆ ಕೈ ತೊಳೆದುಕೊಂಡು ಜಗುಲಿಗೆ ನಡೆದಳು. ಸುಡುವಾಗ ಬಾಲದ ಕಡೆ ಕಪ್ಪು ಬಲೆಯಂಥ ಗೆರೆ ಕಂಡಿತ್ತೇ ಎಂದು ಮಾರಪ್ಪನನ್ನು ಕೇಳಿದಳು. ಕಂಡಿತ್ತು ಎಂದ.

"ಹಂಗಾರೆ ಕೇರೆನೇ. ನಾಗರಕ್ಕೆ ಆ ಗೆರೆ ಇರದಿಲ್ಲ," ಎಂದಳು. "ಅಕ್ಕ ಪಾಪ, ಹೆದ್ರಿಕಂಡು ಹೊಡೆದಾರೆ. ಅವ್ರಿಗೆ ಕೇರೆ ಯಾವ್ದು, ನಾಗರ ಯಾವ್ದು ಗೊತ್ತಾಗದಿಲ್ಲ."

ಉಜ್ಜಪ್ಪ ನಕ್ಕು ನೀರಿನ ಚೊಂಬಿಗೆ ಕೈ ಚಾಚಿದ. ಕೇರೆಗೆ ತುಪ್ಪ ಸುರಿಸಿದಳಲ್ಲ ಈ ಮಹಾತಾಯಿ ಎಂದು ಹುಲಿಯಮ್ಮನೂ ನಕ್ಕಳು. ಮದುವೆ ಉಳಿಯಿತು. ಕೈ ಮುಗಿಯಬೇಕಾದ ಹೊತ್ತಿನಲ್ಲಿ ಹೂವಮ್ಮ ಹಲ್ಲು ಕಚ್ಚಿ ನಿಂತಿದ್ದಳು. ಲೋಕಮ್ಮ ತನ್ನನ್ನು ಸುಳ್ಳಿ ಎಂದಿದ್ದರೆ ತಡೆದುಕೊಳ್ಳುತ್ತಿದ್ದಳು, ಗೊತ್ತಿಲ್ಲದವಳು ಎಂದುಬಿಟ್ಟಳಲ್ಲ. ತನಗೆ ಗೊತ್ತಿತ್ತೆಂದು ಇನ್ನು ಸಾಯುವತನಕ ಯಾರ ಮುಂದೂ ಬಾಯಿಬಿಡುವಂತಿರಲಿಲ್ಲ.