ಗೂಟದ ಸುತ್ತ

ಅಂಗಳದ ಆ ಕೆಸರಿಗೆ ಗೋವಿಂದಮ್ಮ ಹಾಕದ ಮಣ್ಣಿಲ್ಲ. ಹಳ್ಳದ ಮರಳು ಸುರಿದಳು, ಹುತ್ತದ ಮಣ್ಣು ಬಡಿದಳು, ಗರಿಕೆ ನೆಟ್ಟಳು. ಮೊಳಕಾಲ್ಮುರಿನ ನೆಲ ಒಂದು ಮಳೆಗೆ ನೆನೆದರೆ ಎರಡು ಬಿಸಿಲಿಗೆ ಒಣಗುವಂಥದ್ದು. ಬೇವಿನ ಮರದ ಬಳಿಯ ಅಷ್ಟು ಜಾಗ ಮಾತ್ರ ದುಂಡಗೆ, ಹುಲ್ಲಿಲ್ಲದೆ, ರಾಡಿಯಾಗಿಯೇ ಇರುತ್ತಿತ್ತು.

ರಾಡಿ ಮಾಡುತ್ತಿದ್ದವು ಎರಡು ನಾಯಿಗಳು. ಮೊದಲು ಇವರ ಮನೆಯಲ್ಲಿದ್ದ ನಾಯಿ ಕರಿಯನಿಂದ ಪಕ್ಕದ ಮನೆ ಪಾಪಕ್ಕನ ನಾಯಿ ಈದ ಮರಿಗಳವು. ಅಪ್ಪನ ಮುಖ ಕಂಡವಲ್ಲ. ಬೆಳಗಾದರೆ ಅಲ್ಲಿಗೆ ಹೋಗಿ ಒಂದರ ಹಿಂದೊಂದು ಸುತ್ತುತ್ತಿದ್ದವು, ಒಂದು ಗೇಣು ಆಚೆಗಿಲ್ಲ, ಈಚೆಗಿಲ್ಲ. ಆಮೇಲೆ ಅದೇ ಕಾಲಲ್ಲಿ, ಸೀರೆ ನೇಯಲೆಂದು ಅಂಗಳದಲ್ಲಿ ಉದ್ದಕ್ಕೆ ಎಳೆದು ಕಟ್ಟಿದ ರೇಷ್ಮೆ ಎಳೆಗಳ ಹಾಸಿನ ಕೆಳಗೆ ನುಸುಳುತ್ತಿದ್ದವು.

“ಕೆಸರು ಸಿಡಿದ ರೇಷ್ಮೆ ಯಾವ ಮದುವೆ ಹೆಣ್ಣು ಉಡ್ತಾಳೆ? ಶುಕ್ರವಾರ ಸಿದ್ದಾಪುರದ ಕುರಿಯೋರು ಬರ್ತಾರೆ, ಎರಡನ್ನೂ ಕೊಟ್ಬಿಡ್ತೀನಿ,” ಎಂದ ಗಂಡ ಚಿತ್ತಯ್ಯ.

“ಅಷ್ಟರಾಗೆ ನೆಲ ಸರಿ ಮಾಡ್ತೀನಿ, ಬಿಡ್ರಿ.”

ಅಂದಳೇನೋ ನಿಜ. ಅದು ಯಾಕೆ ಸರಿಯಾಗುವುದಿಲ್ಲ ಎಂಬುದು ಅವಳಿಗೊಬ್ಬಳಿಗೇ ಗೊತ್ತಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಮೂರು ವರ್ಷದ ಹಿಂದೆ ಪ್ಲೇಗು ಬಂದು ಊರಿಗೂರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತು. ಕರಿಯನ್ನ ಬಿಚ್ಚಿ ಬಾ ಎಂದು ಹೇಳಿ ಚಿತ್ತಯ್ಯ ಗಾಡಿಯೊಂದಿಗೆ ಮುಂದೆ ಹೋಗಿದ್ದ. ಮಗ್ಗ ಕಾಯಲಿ, ಮೂರು ದಿನದಲ್ಲಿ ಬಂದು ನೋಡಿದರಾಯಿತು ಎಂದು ಅವಳು ಬಿಚ್ಚಲಿಲ್ಲ. ಬೇವಿನ ಬಳಿಯ ಗೂಟಕ್ಕೆ ಇನ್ನೊಂದು ಗಂಟು ಬಿಗಿದು, ನೀರು, ಮುದ್ದೆ ಇಟ್ಟು ಹೊರಟಳು. ಊರಬಾಗಿಲಿಗೆ ಕಾವಲು ಬಿತ್ತು. ಎರಡು ತಿಂಗಳು ಒಬ್ಬರನ್ನೂ ಒಳಗೆ ಬಿಡಲಿಲ್ಲ. ಕೊನೆಗೆ ಅವಳೇ ಎಲ್ಲರಿಗಿಂತ ಮುಂಚೆ ಓಡಿಬಂದು, ಉಳಿದಿದ್ದ ಎಲುಬನ್ನು ಹಳ್ಳದಾಚೆ ಹೂತು, ಗೂಟವನ್ನು ನೆಲದೊಳಕ್ಕೆ ಬಡಿದು ಮಣ್ಣು ಮುಚ್ಚಿದಳು. ಗೂಟದ ಸುತ್ತ ಆಗಲೇ ದುಂಡಗೆ ಸವೆದ ಜಾಡಿತ್ತು. ಗಂಡನಿಗೆ “ಎಲ್ಲೋ ಹೋಗೈತೆ” ಎಂದಳು.

ಗುರುವಾರ ಬೆಳಿಗ್ಗೆ ನಾಯಿಗಳನ್ನು ಪಾಪಕ್ಕನ ಮನೆಯಲ್ಲಿ ಕೂಡಿಹಾಕಿ ಬಂದು ಗುದ್ದಲಿ ಹಿಡಿದಳು. ಮೊಣಕಾಲುದ್ದ ಅಗೆದಾಗ ಗೂಟ ಸಿಕ್ಕಿತು. ಹಗ್ಗ ಕೊಳೆತಿತ್ತು, ಗಂಟು ಮಾತ್ರ ಬಿಗಿಯಾಗಿಯೇ ಇತ್ತು. ಅದನ್ನು ಉಗುರಲ್ಲಿ ಬಿಚ್ಚುತ್ತಾ ಕೂತಿದ್ದಾಗ ಚಿತ್ತಯ್ಯ ಮಗ್ಗದಿಂದೆದ್ದು ಬಂದ.

“ನಾನೇ ಕಟ್ಟಿ ಹೋಗಿದ್ದೆ. ಬಿಚ್ಚಲಿಲ್ಲ,” ಎಂದಳು. ಅವಳಿಗೆ ತಲೆಯೆತ್ತಲು ಆಗಲಿಲ್ಲ.

ಅವನು ಬಗ್ಗಿ ಆ ಗಂಟನ್ನು ಮುಟ್ಟಿ ನೋಡಿದ. “ವರ್ಷಗಟ್ಲೆ ಬಯಲೆಲ್ಲಾ ತಿರುಗಿ ಕೂಗಿದ್ನಲ್ಲೇ ಅದನ್ನ,” ಎಂದ. ಆಮೇಲೆ, “ಕುರಿಯೋರಿಗೆ ಇಲ್ಲ ಅಂತ ಹೇಳ್ತೀನಿ. ಇವನ್ನೂ ಕೈಬಿಡೋದು ಬ್ಯಾಡ.”

ಗಂಟು ಬಿಚ್ಚಿತು. ಗುಂಡಿ ಮುಚ್ಚಿ, ನೀರು ಚಿಮುಕಿಸಿ, ತುಳಿದು ಸಮ ಮಾಡಿದಳು.

ಶುಕ್ರವಾರ ಹೊಸ್ತಿಲು ತೊಳೆಯುವ ದಿನ. ಬೆಳಗಿನ ಜಾವ ಚೆಂಬು ಹಿಡಿದು ಬಾಗಿಲು ತೆಗೆದರೆ, ಬೇವಿನ ಬುಡದಿಂದ ಹೊಸ್ತಿಲವರೆಗೆ ಸಾಲಾಗಿ ನಾಯಿಯ ಕೆಸರು ಹೆಜ್ಜೆ. ದುಂಡಗಲ್ಲ, ನೇರ. ಒಂದೇ ನಾಯಿಯದು. ಪಾಪಕ್ಕನ ಮನೆಯ ಬಾಗಿಲು ಇನ್ನೂ ತೆಗೆದಿರಲಿಲ್ಲ. ಒಳಗಿನಿಂದ ಎರಡೂ ಬೊಗಳುತ್ತಿದ್ದವು. ಹೆಜ್ಜೆ ಹೊಸ್ತಿಲಲ್ಲೇ ನಿಂತಿತ್ತು. ಬದುಕಿದ್ದಾಗ ಕರಿಯನನ್ನು ಅವರು ಒಂದು ದಿನವೂ ಒಳಗೆ ಬಿಟ್ಟವರಲ್ಲ.

ಗೋವಿಂದಮ್ಮ ಹೊಸ್ತಿಲು ತೊಳೆಯಲಿಲ್ಲ. ಚೆಂಬು ಕೆಳಗಿಟ್ಟು, ಬಾಗಿಲನ್ನು ಪೂರ್ತಿ ತೆಗೆದು, ಪಕ್ಕಕ್ಕೆ ಸರಿದು ನಿಂತಳು.

“ಒಳಗೆ ಬಾ,” ಎಂದಳು.