ಶನಿವಾರದ ಈಸ್ಟರ್

ಕೋರ್ಟಿನ ಕಾಗದದಲ್ಲಿ ಹಬ್ಬದ ಸುದ್ದಿಯೇ ಇರಲಿಲ್ಲ. ಎರಡು ವಾರಕ್ಕೊಮ್ಮೆ, ಶುಕ್ರವಾರ ಸಂಜೆಯಿಂದ ಶನಿವಾರ ನಾಲ್ಕು ಗಂಟೆಯವರೆಗೆ ಮಕ್ಕಳು ತಂದೆಯ ಹತ್ತಿರ ಇರಬಹುದು ಎಂದಷ್ಟೇ ಬರೆದಿತ್ತು. ಹಾಗಾಗಿ ಆ ವರ್ಷ ಈಸ್ಟರ್ ಭಾನುವಾರ ತಾಯಿಯ ಪಾಲಿಗೆ ಹೋಯಿತು. ಅಪ್ಪನ ಪಾಲಿಗೆ ಉಳಿದದ್ದು ಅದರ ಹಿಂದಿನ ದಿನ.

ಅಪ್ಪ ಲಿಫ್ಟ್ ಮೆಕ್ಯಾನಿಕ್. ಎತ್ತರದ ಕಟ್ಟಡಗಳ ನೆತ್ತಿಯ ಮೇಲಿರುವ ಮೋಟಾರು ಕೋಣೆಗಳಲ್ಲಿ ಗ್ರೀಸು ಮೆತ್ತಿಕೊಂಡು, ಉಕ್ಕಿನ ಹಗ್ಗ ಎಲ್ಲಿ ಸವೆದಿದೆ ಎಂದು ಟಾರ್ಚು ಬಿಟ್ಟು ನೋಡುತ್ತಾ ಹದಿನಾಲ್ಕು ವರ್ಷ ಕಳೆದವನು. ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದವನ ಹಾಗೆ ಮಾತು ಕಮ್ಮಿ. ಹೆಂಡತಿ ಬಿಟ್ಟು ಹೋಗುವಾಗ ಹೇಳಿದ್ದೂ ಅದನ್ನೇ: "ನಿನ್ನ ಜೊತೆ ಜಗಳ ಆಡ್ಬೇಕಂದ್ರೆ ಎರಡೂ ಕಡೆ ನಾನೇ ಆಡ್ಬೇಕು."

ಈಗ ಅವನು ತನ್ನ ತಾಯಿಯ ಜೊತೆ ನಾಲ್ಕನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿದ್ದ. ಒಂದು ಸಂಜೆ ತಾಯಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದಾಗ ಧೈರ್ಯ ಮಾಡಿ ಹೇಳಿದ.

"ಈ ಸಲ ಈಸ್ಟರ್ ಶನಿವಾರ ಮಾಡೋಣಮ್ಮ."

ಇಸ್ತ್ರಿಪೆಟ್ಟಿಗೆ ಅಂಗಿಯ ಮೇಲೆ ನಿಂತಿತು. "ಶನಿವಾರ ಯೇಸುಸ್ವಾಮಿ ಇನ್ನೂ ಸಮಾಧೀಲಿ ಇರ್ತಾರೆ ಕಣೋ. ಅವರು ಏಳೋಕೆ ಮುಂಚೆ ನಾವು ಕೇಕ್ ಕತ್ತರಿಸೋದಾ?"

"ಮಕ್ಕಳು ಇರೋದು ಶನಿವಾರ ಮಾತ್ರ ಅಲ್ವಾ."

"ನಿಮ್ಮಪ್ಪ ತೀರಿಹೋದ ವರ್ಷನೂ ನಾನು ನಲವತ್ತು ದಿನದ ಉಪವಾಸ ಮುರೀಲಿಲ್ಲ. ಈಗ ಕೊನೇ ದಿನ ಮುರೀಲಾ?" ಎಂದವಳು ಅಂಗಿ ಸುಡುವ ವಾಸನೆ ಬಂದು ಪೆಟ್ಟಿಗೆ ಎತ್ತಿದಳು.

ಎರಡು ದಿನ ಆ ಮಾತು ಬರಲಿಲ್ಲ. ಮೂರನೆಯ ದಿನ ಅವನು ಕೆಲಸಕ್ಕೆ ಹೊರಟು ಬೂಟು ಕಟ್ಟಿಕೊಳ್ಳುತ್ತಿದ್ದಾಗ ಅಡುಗೆಮನೆಯಿಂದ ದನಿ ಬಂತು. "ಮಕ್ಕಳಿಗೆ ಮಾಡ್ತೀನಿ. ನಾನು ಮಾತ್ರ ಮುಟ್ಟಲ್ಲ."

ಅಕ್ಕನಿಗೆ ಫೋನು ಮಾಡಿದರೆ ಅವಳು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಬರ್ತೀವಿ. ಭಾನುವಾರನೂ ಬರ್ತೀವಿ. ಒಂದೇ ಹಬ್ಬಕ್ಕೆ ಎರಡು ಊಟ ಅಂದ್ರೆ ನಿಮ್ಮ ಭಾವ ಬೇಡ ಅಂತಾರಾ?"

ಭಾವ ಗೋಡೆಗೆ ಬಣ್ಣ ಬಳಿಯುವ ಕೆಲಸದವರು. ಶನಿವಾರ ಬೆಳಗಾಗುವಷ್ಟರಲ್ಲಿ ಬಾಲ್ಕನಿಯಲ್ಲಿ ಹಳೇ ಪೇಪರು ಹಾಸಿ, ಬೇಯಿಸಿದ ಮೊಟ್ಟೆಗಳನ್ನು ಸಾಲಾಗಿ ಇಟ್ಟುಕೊಂಡು ಕೂತರು. ಸುತ್ತ ನಾಲ್ಕು ಮಕ್ಕಳು: ಅಕ್ಕನ ಅವಳಿ ಹುಡುಗರು, ಮೆಕ್ಯಾನಿಕ್‌ನ ಏಳು ವರ್ಷದ ಮಗ, ಎಲ್ಲರೂ ಗುಬ್ಬಿ ಎಂದು ಕರೆಯುವ ನಾಲ್ಕು ವರ್ಷದ ಮಗಳು.

"ಇದು ಪ್ರೈಮರು. ಇನ್ನೊಂದು ಕೋಟ್ ಬೇಕು. ಒಣಗೋವರೆಗೂ ಯಾರೂ ಗೋಡೆ ಮುಟ್ಟಬಾರದು," ಎಂದು ಭಾವ ಗಂಭೀರವಾಗಿ ಹೇಳಿದರು.

"ಗೋಡೆ ಅಲ್ಲ ಮಾವ, ಮೊಟ್ಟೆ!" ಎಂದು ಗುಬ್ಬಿ ತಿದ್ದಿದಳು. ಅಷ್ಟರಲ್ಲಿ ಅವಳ ಮೂಗಿನ ಮೇಲೆ ಒಂದು ಕೋಟ್ ಬಿದ್ದಿತ್ತು.

ಬಣ್ಣ ಒಣಗಿದ ಮೇಲೆ ಮಕ್ಕಳನ್ನೆಲ್ಲ ಬಚ್ಚಲಿಗೆ ತಳ್ಳಿ, ಈಸ್ಟರ್ ಆಟದಂತೆ ಅವರು ಹುಡುಕಲೆಂದು ಮೆಕ್ಯಾನಿಕ್ ಮೊಟ್ಟೆಗಳನ್ನು ಬಚ್ಚಿಟ್ಟ. ಬೂಟಿನೊಳಗೆ, ಸ್ಪಾನರ್ ಚೀಲದ ಜೇಬಿನಲ್ಲಿ, ಬಟ್ಟೆ ಒಗೆಯುವ ಮೆಷಿನ್ನಿನ ಹಿಂದೆ, ದಿಂಬಿನ ಕವರಿನಲ್ಲಿ. ಬಾಗಿಲು ತೆಗೆದದ್ದೇ ತಡ, ಮನೆ ಸಂತೆಯಾಯಿತು. ಅವಳಿಗಳು ಇಬ್ಬರೂ ಒಂದೇ ಬೂಟಿಗೆ ಕೈ ಹಾಕಿ ಕಿತ್ತಾಡಿದರು. ಗುಬ್ಬಿಯ ಬುಟ್ಟಿ ಮಾತ್ರ ಖಾಲಿಯಾಗಿಯೇ ಇತ್ತು. ನೋಡಿದರೆ, ಅವಳು ಸಿಕ್ಕಿದ ಮೊಟ್ಟೆಯನ್ನು ಒಂದು ಗಳಿಗೆ ಕೈಯಲ್ಲಿ ಹಿಡಿದು, ತಿರುಗಿ ಅಲ್ಲೇ ಇಟ್ಟು ಬರುತ್ತಿದ್ದಳು.

"ಯಾಕೆ ಪುಟ್ಟ?"

"ಅದಕ್ಕೆ ಅಲ್ಲೇ ಇರೋಕೆ ಇಷ್ಟ."

ಅವನು ನಕ್ಕ. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಕೈಯಲ್ಲಿರುವುದು ನಾಲ್ಕೂವರೆ ಗಂಟೆ. ಮಗಳ ಕೂದಲು ಬಾಚುವಾಗ, ಮಗನ ಅಂಗಿಯ ಗುಂಡಿ ಹಾಕುವಾಗ, ಬೇಕೆಂದೇ ನಿಧಾನ ಮಾಡಿದ. ಮಗ ಅವನನ್ನೇ ನೋಡುತ್ತಿದ್ದ.

"ಅಪ್ಪಾ, ಇವತ್ತು ಈಸ್ಟರ್ ಅಲ್ಲ ಅಲ್ವಾ? ಸ್ಕೂಲಲ್ಲಿ ಕ್ಯಾಲೆಂಡರ್ ಇದೆ."

ಅವನಿಗೆ ಸುಳ್ಳು ಹೇಳಲು ಆಗಲಿಲ್ಲ. "ಅಲ್ಲ ಕಣೋ. ನಾಳೆ."

ಹುಡುಗ ದೊಡ್ಡವರ ಹಾಗೆ ತಲೆಯಾಡಿಸಿದ. "ಗುಬ್ಬಿಗೆ ಹೇಳಲ್ಲ ಬಿಡು."

ಊಟಕ್ಕೆ ಎಲ್ಲರೂ ಒತ್ತೊತ್ತಾಗಿ ಕೂತರು. ಮೇಜು ಸಾಲದೆ ಇಸ್ತ್ರಿ ಹಲಗೆಯನ್ನೂ ಅದಕ್ಕೆ ಜೋಡಿಸಿದ್ದರು. ಹುರಿದ ಕೋಳಿ, ಕೇಕು, ಬಣ್ಣದ ಸಿಪ್ಪೆ ಬಿಡಿಸಿದ ಮೊಟ್ಟೆ. ಅಜ್ಜಿಯ ತಟ್ಟೆಯಲ್ಲಿ ಮಾತ್ರ ಬೇಯಿಸಿದ ತರಕಾರಿ.

"ಅಜ್ಜಿ, ನಿಂಗ್ಯಾಕೆ ಕೋಳಿ ಇಲ್ಲ?" ಗುಬ್ಬಿ ಕೇಳಿದಳು.

"ನಂಗೆ ನಾಳೆ, ಚಿನ್ನ."

"ನಾಳೆ ನಾನು ಇರಲ್ವಲ್ಲ!"

ಭಾವನ ಕೈ ಕೇಕಿನ ಮೇಲೇ ನಿಂತಿತು. ಅಕ್ಕ ನೀರಿನ ಲೋಟ ತುಂಬಿಸಿದಳು. ಅದು ಆಗಲೇ ತುಂಬಿತ್ತು, ಮೇಜಿನ ಮೇಲೆ ಚೆಲ್ಲಿತು. ಗುಬ್ಬಿ ತನ್ನ ತಟ್ಟೆಯಿಂದ ಒಂದು ಚೂರು ಕಿತ್ತು, ಕುರ್ಚಿ ಹತ್ತಿ, ಅಜ್ಜಿಯ ಬಾಯಿಯ ಹತ್ತಿರ ಹಿಡಿದಳು. "ಆ ಮಾಡು."

"ಗುಬ್ಬೀ, ಅಜ್ಜಿಗೆ ಬೇಡ..." ಎಂದು ಮೆಕ್ಯಾನಿಕ್ ಎದ್ದ.

ಅಜ್ಜಿ ಕೈಯೆತ್ತಿ ಅವನನ್ನು ತಡೆದಳು. ಒಂದು ಸಲ ಗೋಡೆಯ ಮೇಲಿನ ಶಿಲುಬೆಯ ಕಡೆ ನೋಡಿದಳು. ಕಣ್ಣು ಮುಚ್ಚಿ ಬಾಯಿ ತೆರೆದಳು. ನಿಧಾನವಾಗಿ ಅಗಿದು ನುಂಗಿ, "ಉಪ್ಪು ಒಂದು ಚಿಟಿಕೆ ಜಾಸ್ತಿಯಾಗಿದೆ. ಯಾರೂ ಹೇಳಲೇ ಇಲ್ವಲ್ರೋ," ಎಂದಳು.

ಮೆಕ್ಯಾನಿಕ್ ಕೈ ತೊಳೆಯುವ ನೆಪ ಮಾಡಿಕೊಂಡು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು ಒಂದಿಷ್ಟು ಹೊತ್ತು ನಿಂತ.

ನಾಲ್ಕು ಗಂಟೆಗೆ ಸರಿಯಾಗಿ ಅವರು ಮಕ್ಕಳ ತಾಯಿಯ ತವರುಮನೆಯ ಗೇಟಿನ ಮುಂದಿದ್ದರು. ಒಳಗೆ ಆಗಲೇ ಜನ ಸೇರಿದ್ದರು. ಹೆಂಡತಿಯ ಅಣ್ಣನ ನಗು ಬೀದಿಯವರೆಗೂ ಕೇಳುತ್ತಿತ್ತು. ಓವನ್ನಿನಿಂದ ಬೆಣ್ಣೆಯ ವಾಸನೆ ಬರುತ್ತಿತ್ತು. ಆರು ವರ್ಷ ಆ ಮನೆಯ ಹಿತ್ತಲಿನಲ್ಲಿ ಮೊಟ್ಟೆ ಬಚ್ಚಿಡುತ್ತಿದ್ದವನು ಅವನೇ. ಮೆಟ್ಟಿಲ ಕೆಳಗಿನ ಸಂದು, ಒಡೆದ ಕುಂಡದ ಹಿಂಭಾಗ, ಎಲ್ಲ ಅವನಿಗೆ ಇನ್ನೂ ಬಾಯಿಪಾಠ.

ಮಕ್ಕಳು ಒಳಗೆ ಓಡಿದರು. ಅವರ ತಾಯಿ ಗೇಟಿನ ಮೇಲೆ ಕೈಯಿಟ್ಟು ನಿಂತಳು.

"ಊಟ ಆಯ್ತಾ?"

"ಆಯ್ತು."

"ಅವಳ ಜಡೆ ಹೆಣೆದಿದ್ದು ಯಾರು, ಅಕ್ಕನಾ?"

"ನಾನೇ."

"ಚೆನ್ನಾಗಿದೆ." ಅವಳ ತುಟಿ ಇನ್ನೇನೋ ಹೇಳುವ ಹಾಗೆ ಅಲುಗಿತು. ಅವನು ಕಾದ. ಒಳಗೆ ಬಾ ಎನ್ನುವ ಎರಡೇ ಮಾತು. ಅದನ್ನು ಅವಳೂ ನಾಲಿಗೆಯ ತುದಿಯವರೆಗೆ ತಂದಿದ್ದಳೋ, ಅಥವಾ ಅವನ ಆಸೆಗೆ ಹಾಗೆ ಕಂಡಿತೋ, ದೇವರೇ ಬಲ್ಲ. ಒಳಗಿನಿಂದ ಯಾರೋ ಅವಳನ್ನು ಕರೆದರು.

"ಬರ್ತೀನಿ," ಎಂದ ಅವನು. ಹೋಗುವವರು ಹೇಳುವುದು ಅದನ್ನೇ ಅಲ್ಲವೇ, ಬರುವ ದಾರಿ ಮುಚ್ಚಿದ್ದರೂ.

ಮರುದಿನ ಚರ್ಚಿನಲ್ಲಿ ಅಜ್ಜಿ ಪೂಜೆ ಶುರುವಾಗುವ ಮೊದಲೇ ಪಾದ್ರಿಗಳ ಹತ್ತಿರ ಹೋಗಿ ಪಾಪ ಒಪ್ಪಿಕೊಂಡು ಬಂದಳು. ಬೆಂಚಿನಲ್ಲಿ ಪಕ್ಕಕ್ಕೆ ಬಂದು ಕೂತಾಗ ಅವನು ಮೆಲ್ಲಗೆ ಕೇಳಿದ. "ಏನಂದ್ರಮ್ಮ?"

"ಮೊಮ್ಮಗಳಿಗೆ ಎಷ್ಟು ವಯಸ್ಸು ಅಂತ ಕೇಳಿದ್ರು. ನಾಲ್ಕು ಅಂದೆ. ಹೋಗಮ್ಮ, ಹೋಗಿ ಕೂತ್ಕೋ ಅಂದ್ರು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಮುಂದಿನ ಸಾಲುಗಳ ತುಂಬ ಹೊಸ ಬಟ್ಟೆ ತೊಟ್ಟ ಮಕ್ಕಳು. ಘಂಟೆ ಬಾರಿಸಿ, ಯೇಸು ಎದ್ದಿದ್ದಾರೆಂದು ಹಾಡು ಶುರುವಾದಾಗ ಎಲ್ಲರೂ ಎದ್ದು ನಿಂತರು. ಅವನೂ ನಿಂತ. ಆದರೆ ಕಣ್ಣು ಜನರ ನಡುವೆ ಒಂದು ಜಡೆಯನ್ನು ಹುಡುಕುತ್ತಿತ್ತು, ಆ ಮಕ್ಕಳು ಹೋಗುವುದು ಬೇರೆ ಚರ್ಚಿಗೆ ಎಂದು ಗೊತ್ತಿದ್ದರೂ.

ಮಧ್ಯಾಹ್ನ ಅಕ್ಕ ಬಡಿಸುತ್ತಿದ್ದಾಗ ಅವನ ಫೋನು ಬಡಿದುಕೊಂಡಿತು. ಭಾನುವಾರವೂ ಯಾವುದೋ ಲಿಫ್ಟ್ ಸಿಕ್ಕಿಕೊಂಡಿದೆ ಎಂದುಕೊಂಡೇ ಎತ್ತಿದ.

"ಅಪ್ಪಾ!" ಗುಬ್ಬಿಯ ದನಿ ಅಳುವಿನ ಅಂಚಿನಲ್ಲಿತ್ತು. "ಇಲ್ಲಿ ಎಲ್ಲಾರೂ ಈಸ್ಟರ್ ಇವತ್ತು ಅಂತಾರೆ. ನಿನ್ನೇನೇ ಆಗ್ಹೋಯ್ತು ಅಂದ್ರೆ ಕೇಳ್ತಾನೇ ಇಲ್ಲ!"

ಅವನು ಉತ್ತರ ಹುಡುಕುವಷ್ಟರಲ್ಲಿ ಮಗ ಫೋನು ಕಿತ್ತುಕೊಂಡ. "ನಾನು ಹೇಳಿದೀನಿ ಅಪ್ಪ. ನಮ್ಮನೇಲಿ ಎರಡು ದಿನ ಇರುತ್ತೆ ಅಂತ."

"ಯಾವ ಮನೇಲಿ?"

"ನಮ್ಮನೇಲಿ. ನೀನು, ಅಜ್ಜಿ ಇರೋದು." ಹಿಂದೆ ಗದ್ದಲ, ಓಟ, ಯಾರೋ ಕೂಗಿದ್ದು. "ಇಡ್ತೀನಪ್ಪ, ಕೇಕ್ ಕತ್ತರಿಸ್ತಿದಾರೆ."

ಫೋನು ಸುಮ್ಮನಾಯಿತು. ಅವನು ಅದನ್ನು ಕಿವಿಯಿಂದ ತೆಗೆಯಲಿಲ್ಲ. ಮಕ್ಕಳು ಮತ್ತೆ ಬರುವ ಶುಕ್ರವಾರಕ್ಕೆ ಇನ್ನೂ ಹನ್ನೆರಡು ದಿನ.

"ಯಾರೋ ಅದು?" ಎಂದು ಭಾವ ಕೇಳಿದರು.

"ಮಕ್ಕಳು," ಎಂದ. ಯಾವತ್ತೂ ಒಂದು ಮಾತಿಗೆ ನಿಲ್ಲಿಸುವವನು ಅವತ್ತು ನಿಲ್ಲಿಸಲಿಲ್ಲ. ಗುಬ್ಬಿ ಏನಂದಳು, ಹುಡುಗ ಏನಂದ, ಒಂದಕ್ಷರ ಬಿಡದೆ ಹೇಳಿದ. ಎಲ್ಲರೂ ನಕ್ಕರು. ತಾಯಿ ಮಾತ್ರ ನಗಲಿಲ್ಲ, "ಇನ್ನೊಂದು ಸಲ ಹೇಳು, ಹುಡುಗ ಏನಂದ?" ಎಂದಳು. ಅವನು ಇನ್ನೊಂದು ಸಲ ಹೇಳಿದ.