ಹತ್ತೊಂಬತ್ತನೇ ಟೇಕ್

"ಮೂರನೇ ರೀಲಿನ ಆ ಡೈಲಾಗ್ ಇವತ್ತು ಇನ್ನೊಂದ್ಸಲ ಹೇಳಿಬಿಡ್ತೀನಿ," ಎಂದಳು ಅವಳು, ಚಪ್ಪಲಿ ಬಿಟ್ಟು ಡಬ್ಬಿಂಗ್ ಕೋಣೆಯೊಳಗೆ ಬರುತ್ತಲೇ.

ಗಾಜಿನಾಚೆ ಕೂತಿದ್ದ ಸೌಂಡ್ ಎಂಜಿನಿಯರ್ ಹೆಡ್‌ಫೋನ್ ಸರಿಸಿದ. "ಯಾವ್ದು ಅಕ್ಕಾ?"

"ಅದೇ, 'ನಂಗೀ ಮಗು ಬೇಡ' ಅನ್ನೋದು."

"ಅಯ್ಯಯ್ಯೋ! ಹತ್ತೊಂಬತ್ತು ಟೇಕ್ ತಗೊಂಡು ಅವತ್ತು ನನ್ನ ಪ್ರಾಣ ಹಿಂಡಿದ್ರಿ. ಕೊನೇದು ಎಷ್ಟು ಚೆನ್ನಾಗಿ ಬಂತು ಅಂದ್ರೆ ಟ್ರೇಲರ್‌ಗೂ ಅದನ್ನೇ ಹಾಕಿದಾರೆ. ಸುಮ್ನೆ ಬನ್ನಿ, ಕೊನೇ ರೀಲ್ ಮುಗ್ಸೋಣ. ಮೂರು ವಾರದಿಂದ ನಿಮಗೋಸ್ಕರ ಕಾಯ್ತಿದೀನಿ. ಜ್ವರ ವಾಸಿ ಆಯ್ತಾ?"

"ಆಯ್ತು," ಎಂದಳು. ಜ್ವರ ಎಂದು ಹೇಳಿ ಕಳಿಸಿದ್ದವಳು ಅವಳೇ.

ಸಿನಿಮಾ ಎಂಥದ್ದಂತೀರಾ? ಪರದೇಶದ ಒಂದು ನಗೆಚಿತ್ರ, ನಾಯಕಿಗೆ ಕನ್ನಡದಲ್ಲಿ ಇವಳ ದನಿ. ಒಂದು ದೇಶದ ಹುಡುಗಿ, ಇನ್ನೊಂದು ದೇಶದ ಹುಡುಗ. ಇವನ ಮಾತು ಅವಳಿಗೆ ಅರ್ಧ ತಿಳಿಯದು, ಅವಳದ್ದು ಇವನಿಗೆ ಪೂರ್ತಿ ತಿಳಿಯದು. ಅಷ್ಟರಲ್ಲಿ ಯಾರೂ ಎಣಿಸಿರದ ಒಂದು ಮಗು ಹೊಟ್ಟೆಯಲ್ಲಿ. ಬೀಗರಿಬ್ಬರೂ ಪರಸ್ಪರ ಅರ್ಥವಾಗದ ಭಾಷೆಯಲ್ಲಿ ಬೈದಾಡಿಕೊಳ್ಳುವುದೇ ದೊಡ್ಡ ತಮಾಷೆ. ಸ್ಕ್ರಿಪ್ಟು ಕೈಗೆ ಬಂದ ದಿನ ಅವಳು ಬಿದ್ದು ಬಿದ್ದು ನಕ್ಕಿದ್ದಳು. ಅವಳ ಗಂಡನೂ ಬೇರೆ ಭಾಷೆಯವನೇ, ಲಿಫ್ಟ್ ರಿಪೇರಿ ಮಾಡುವವನು. ಅವಳು ಮನೆಯಲ್ಲಿ ಓದಿಕೊಳ್ಳುವ ಸ್ಕ್ರಿಪ್ಟುಗಳಿಂದಲೇ ಕನ್ನಡ ಕಲಿತಿದ್ದ, ಹಾಗಾಗಿ ಊಟಕ್ಕೆ ಕೂತಾಗ, "ಪ್ರಿಯೆ, ಕೊಂಚ ಉಪ್ಪು ದೊರೆಯುವುದೇ?" ಎಂದು ಕೇಳುತ್ತಿದ್ದ. "ನಮ್ಮನೆ ಕಥೆ ಇವರಿಗ್ಯಾರು ಹೇಳಿದ್ರು?" ಎಂದು ಇಬ್ಬರೂ ನಕ್ಕಿದ್ದರು.

ನಗು ಉಳಿದದ್ದು ಹತ್ತು ದಿನ. ಆಮೇಲೆ ಅವಳಿಗೂ ಮುಟ್ಟು ನಿಂತಿತು. ಬಾಡಿಗೆಯ ಒಂದೇ ಕೋಣೆ, ಮದುವೆಯಾದಾಗಿನಿಂದ ಮುಖ ತಿರುಗಿಸಿಕೊಂಡ ಎರಡು ಮನೆಗಳು, ಇದರ ನಡುವೆ ಇದೊಂದು ಬೇರೆ. ಅವಳಿಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗದ ಸಿಟ್ಟು. ಆ ವಾರವೇ ಮೂರನೇ ರೀಲು. ಮೈಕಿನ ಮುಂದೆ ನಿಂತು ಅದನ್ನೆಲ್ಲ ಕಕ್ಕಿದಳು. ನಂಗೀ ಮಗು ಬೇಡ, ನಂಗೀ ಮಗು ಬೇಡ. ಹತ್ತೊಂಬತ್ತು ಸಲ. ಉಸಿರು ಕಟ್ಟಿ ಹೇಳುವಾಗ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಳ್ಳುವುದು ಅವಳ ಅಭ್ಯಾಸ. ಅವತ್ತೂ ಇಟ್ಟುಕೊಂಡಿದ್ದಳು.

ತಿಂಗಳು ಕಳೆಯುವಷ್ಟರಲ್ಲಿ ಸಿಟ್ಟು ಕರಗಿತ್ತು. ಗಂಡ ಎರಡು ಭಾಷೆಗೂ ಒಗ್ಗುವ ಹೆಸರು ಹುಡುಕಿ ಹುಡುಕಿ ತನ್ನ ಕೆಲಸದ ಡೈರಿಯ ಹಿಂದಿನ ಪುಟದಲ್ಲಿ ಬರೆದಿಡುತ್ತಿದ್ದ. ಅವಳಿಗೂ ಆಸೆ ಹುಟ್ಟಿತ್ತು, ಯಾರಿಗೂ ಹೇಳಿಕೊಳ್ಳಲಾಗದಷ್ಟು ಆಸೆ. ಆಸೆ ಹುಟ್ಟಿದ ಮೇಲೆ ಮಗು ಹೋಯಿತು. "ನಿಮ್ಮ ತಪ್ಪೇನೂ ಇಲ್ಲಮ್ಮ," ಎಂದರು ಡಾಕ್ಟರು. ಹತ್ತೊಂಬತ್ತು ಟೇಕಿನ ವಿಷಯ ಅವರಿಗೇನು ಗೊತ್ತು? ಗಂಡನಿಗೂ ಅವಳು ಹೇಳಿರಲಿಲ್ಲ. ಮೊನ್ನೆ ಬಸ್ಸಿನಲ್ಲಿ ಯಾರದೋ ಫೋನಿನಲ್ಲಿ ಟ್ರೇಲರ್ ಓಡಿತು. ಅವಳದೇ ದನಿ, ಅದೇ ಮಾತು. ಮುಂದಿನ ನಿಲ್ದಾಣದಲ್ಲೇ ಇಳಿದು, ಮನೆಯವರೆಗೂ ನಡೆದು ಹೋದಳು.

"ಒಂದೇ ಟೇಕು ಕಣೋ," ಎಂದಳು ಈಗ. "ನಿಂಗೆ ಕೈ ಮುಗೀತೀನಿ."

ಅವಳು ಹಾಗೆ ಕೇಳುವವಳೇ ಅಲ್ಲ. ಅವನು ಮೂರನೇ ರೀಲು ಹಾಕಿದ. ತೆರೆಯ ಮೇಲಿನ ಹುಡುಗಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಬಾಯಿ ತೆರೆದಳು. ಇವಳು ಮೈಕಿಗೆ ಹತ್ತಿರವಾದಳು.

"ನಂಗೀ ಮಗು ಬೇಕು."

ಚಿತ್ರ ನಿಂತಿತು. ಎಂಜಿನಿಯರ್ ಗಾಜಿನಾಚೆಯಿಂದ ಅವಳನ್ನೇ ನೋಡಿದ. ಮೂರು ವಾರದ ಜ್ವರ ಎಂಥದ್ದೆಂದು ಅವನಿಗೆ ಈಗ ತಿಳಿಯಿತು. "ತುಟಿಗೆ ಸರಿಯಾಗೇ ಕೂತಿದೆ ಅಕ್ಕಾ," ಎಂದ. "ಆದ್ರೆ... ಇಲ್ಲೇ ಹಿಂಗಂದ್ಬಿಟ್ರೆ ಮುಂದೆ ಕಥೇನೇ ನಡೆಯಲ್ಲ."

"ಗೊತ್ತಪ್ಪ. ಎಲ್ಲಾದ್ರೂ ಒಂದ್ಸಲ ಹೇಳ್ಬೇಕಿತ್ತು. ಅಳಿಸ್ಬಿಡು."

"ಇವತ್ತು ಸಾಕು. ಮನೆಗೆ ಹೋಗಿ."

"ಇಲ್ಲ, ಕೊನೇ ರೀಲ್ ಹಾಕು. ಮುಗಿದುಹೋಗ್ಲಿ."

ಕೊನೆಯ ರೀಲು ಆಸ್ಪತ್ರೆಯದ್ದು. ಬೀಗರು ಬಾಗಿಲಲ್ಲಿ ನೀ ಮುಂದು ತಾ ಮುಂದು ಎಂದು ನೂಕಾಡುತ್ತಿದ್ದರು. ನರ್ಸು ಮಗುವನ್ನು ತಂದು ಹುಡುಗಿಯ ಎದೆಯ ಮೇಲಿಟ್ಟಳು. ಮಗುವಿನ ಅಳುವನ್ನು ಯಾರೂ ಡಬ್ ಮಾಡುವುದಿಲ್ಲ. ಯಾವ ಭಾಷೆಗೆ ಹೋದರೂ ಮೂಲದ್ದನ್ನೇ ಉಳಿಸಿಕೊಳ್ಳುತ್ತಾರೆ. ಅದು ಹೆಡ್‌ಫೋನಿನಲ್ಲಿ ಅವಳ ಎರಡೂ ಕಿವಿ ತುಂಬಿತು. ಕೈಯಲ್ಲಿನ ಹಾಳೆಯಲ್ಲಿ ಅವಳ ಪಾಲಿಗೆ ಉಳಿದಿದ್ದದ್ದು ಒಂದೇ ಸಾಲು: "ಬಂದ್ಯಾ ಕಂದಾ?" ತೆರೆಯ ಮೇಲಿನ ಹುಡುಗಿ ತನ್ನ ಭಾಷೆಯಲ್ಲಿ ಅದನ್ನು ಹೇಳಿ, ನಕ್ಕು, ಮಗುವಿನ ತಲೆ ಮೂಸಿದಳು. ಇವಳ ಬಾಯಿ ತೆರೆದೇ ಇತ್ತು, ಮಾತು ಹೊರಡಲಿಲ್ಲ. ಮಗು ಅಳುತ್ತಲೇ ಇತ್ತು. ಎಂಜಿನಿಯರ್ ಗುಂಡಿಯತ್ತ ಚಾಚಿದ ಕೈ ಹಿಂದೆಗೆದುಕೊಂಡ, ಚಿತ್ರ ನಿಲ್ಲಿಸಲಿಲ್ಲ.